ಬೋರಕ್ಕನ ಕುವೈತ್ ಸಾರು

ಶೇಂಗಾ ಖರೀದಿಗೆ ನಿಂತವನು ಚೀಲದ ಬಾಯಲ್ಲಿ ಕಾಣುವ ಕಾಯಿಯನ್ನು ನಂಬುವುದಿಲ್ಲ. ಅಲ್ಲಿ ಎಲ್ಲರೂ ಒಳ್ಳೆಯದನ್ನೇ ಇಟ್ಟಿರುತ್ತಾರೆ. ಮೊಣಕೈ ಮುಳುಗುವಷ್ಟು ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಸುಲಿದು ಬಾಯಿಗೆ ಹಾಕಿಕೊಂಡ ಮೇಲೆಯೇ ದರದ ಮಾತು. ಇದನ್ನೇ ಮಾಡುತ್ತ ತಲೆ ಬೆಳ್ಳಗಾದ ನನಗೆ ಮನುಷ್ಯರನ್ನೂ ಹಾಗೆಯೇ ನೋಡುವ ಚಟ ಹತ್ತಿದೆ. ಒಳ್ಳೆಯ ಚಟವಲ್ಲ, ಆದರೆ ಬಿಡಿ, ಬೀಡಿಗಿಂತ ವಾಸಿ.

ಬೋರಕ್ಕನನ್ನು ಮೊದಲ ಸಲ ನೋಡಿದ್ದು ಚಳ್ಳಕೆರೆಯ ಕುರಿ ಸಂತೆಯ ಬದಿಯ ತಗಡಿನ ಶೆಡ್ಡಿನಲ್ಲಿ. ವಯಸ್ಸು ಐವತ್ತರ ಆಸುಪಾಸು. ಮೈಕಟ್ಟು ಗಿಡ್ಡ, ಗಟ್ಟಿ, ಒಳಗೆ ಪೊಳ್ಳಿಲ್ಲ. ಹಳ್ಳಿಯ ಹೆಂಗಸಿನ ಸೀರೆ, ಕಾಲಿಗೆ ಮಾತ್ರ ಆಸ್ಪತ್ರೆಯವರು ಹಾಕುವಂಥ ಬಿಳಿ ರಬ್ಬರ್ ಚಪ್ಪಲಿ. ಉಗುರು ಕತ್ತರಿಸಿದ ಕೈ. ಗಿರಾಕಿ ಬಂದರೆ "ಬರ್ರಿ" ಅನ್ನುವುದಿಲ್ಲ, ಹೋದರೆ ತಿರುಗಿ ನೋಡುವುದಿಲ್ಲ. ಮಾಲು ಒಳ್ಳೆಯದು, ಮಾರುವ ಕಲೆ ಮಾತ್ರ ಸೊನ್ನೆ ಎಂದು ಮನಸ್ಸಿನಲ್ಲೇ ಬರೆದುಕೊಂಡೆ. ಮಳೆಗಾಲ ಹಿಡಿಯುವಷ್ಟರಲ್ಲಿ ಶೆಡ್ಡು ಖಾಲಿ ಮಾಡುತ್ತಾಳೆ ಅಂತಲೂ ಅಂದಾಜು ಹಾಕಿದೆ.

ನಾನು ಅಲ್ಲಿಗೆ ಹೋಗಿದ್ದು ಆಕೆಯನ್ನು ಉದ್ಧಾರ ಮಾಡಲಿಕ್ಕಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿ, ದಾವಣಗೆರೆಯ ಡಾಕ್ಟರು ಖಾರ ಮುಟ್ಟಬೇಡಿ ಅಂದಿದ್ದರು. ನಮ್ಮ ಸೀಮೆಯಲ್ಲಿ ಖಾರ ಬಿಟ್ಟ ಗಂಡಸು ಬದುಕಿದ್ದಾನೆ ಅಂತ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ಸೊಸೆ ನನಗೆ ಬೇರೆ ಲೋಟ, ಬೇರೆ ಗಂಜಿ ಮಾಡಿ ಒಳಕೋಣೆಗೇ ತಂದಿಡುತ್ತಿದ್ದಳು. ಪ್ರೀತಿಯಿಂದಲೇ. ಹೊರಗೆ ಎಲ್ಲರೂ ಮುದ್ದೆ ಮುರಿದು ಸಾರಿಗೆ ಅದ್ದುವ ಸದ್ದು ಕೇಳಿಸಿಕೊಳ್ಳುತ್ತ ನಾನು ಒಬ್ಬನೇ ಗಂಜಿ ಕುಡಿಯುತ್ತಿದ್ದೆ. ಸಂತೆಯ ಹತ್ತಿರ ಯಾವುದೋ ಹೆಂಗಸು ಖಾರವಿಲ್ಲದ ಮಾಂಸದ ಸಾರು ಮಾಡುತ್ತಾಳೆ ಅಂತ ಕುರಿ ದಲ್ಲಾಳಿ ಪಾತಣ್ಣ ಹೇಳಿದ. ಹೇಳುವಾಗ ನಕ್ಕ.

ನಗುವುದಕ್ಕೆ ಕಾರಣವಿತ್ತು. ಒಲೆಯ ಮೇಲಿನ ದೊಡ್ಡ ಸ್ಟೀಲ್ ಡಬರಿಯೊಳಗೆ ಬಗ್ಗಿ ನೋಡಿದರೆ ತಿಳಿನೀರು, ತಳ ಕಾಣುತ್ತದೆ. ಕುರಿಯ ಮುಂಗಾಲಿನ ಮೂಳೆಮಾಂಸ, ಇಡಿಯಾದ ಈರುಳ್ಳಿ, ಮೆಣಸಿನಕಾಳು, ಹೋಳು ಮಾಡಿದ ಆಲೂಗಡ್ಡೆ, ಬಾಳೆಕಾಯಿ, ತೆನೆಯ ಸಮೇತ ತುಂಡು ಮಾಡಿದ ಮೆಕ್ಕೆಜೋಳ, ಕೊನೆಗೆ ಎಲೆಕೋಸಿನ ದಪ್ಪ ದಪ್ಪ ಸೀಳು. ಅರಿಶಿನವಿಲ್ಲ, ಮಸಾಲೆಯಿಲ್ಲ, ಒಗ್ಗರಣೆಯಿಲ್ಲ. ಎಲ್ಲವನ್ನೂ ಹಾಕಿ ಸಣ್ಣ ಉರಿಯಲ್ಲಿ ಬೆಳಗಿನಿಂದ ಕುದಿಸುವುದು, ಅಷ್ಟೇ. ನಮ್ಮಲ್ಲಿ ಇಂಥ ಬಿಳಿಸಾರು ಯಾರಿಗೆ ಕೊಡುತ್ತಾರೆ ಅಂತ ಎಲ್ಲರಿಗೂ ಗೊತ್ತು. ಬಾಣಂತಿಗೆ, ಇಲ್ಲವೇ ಕೈಕಾಲು ಮುರಿದುಕೊಂಡು ಬಿದ್ದವನಿಗೆ. ಮೀಸೆ ತಿರುವಿ ಟಗರಿಗೆ ದರ ಹೇಳುವವನು ಹಗಲು ಹೊತ್ತಿನಲ್ಲಿ ಬೆಂಚಿನ ಮೇಲೆ ಕೂತು ಅದನ್ನು ಕುಡಿದರೆ ಸಂತೆ ಬಿಡುತ್ತದೆಯೇ?

"ಏನ್ ತೋಟಪ್ಪಣ್ಣ, ಗಂಡೋ ಹೆಣ್ಣೋ?" ಅಂತ ಮೊದಲ ದಿನವೇ ನನ್ನನ್ನು ಕೇಳಿದರು.

"ಅವಳಿ ಜವಳಿ ಕಣಪ್ಪ, ಒಂದನ್ನ ನಿನಗೇ ಕೊಡ್ತೀನಿ, ಸಾಕ್ಕೋ," ಅಂದು ಕುಡಿದೆ.

ಮಾಂಸ ಮಾಂಸದ ಹಾಗಿತ್ತು, ಕೋಸು ಕೋಸಿನ ಹಾಗಿತ್ತು. ಅಷ್ಟು ವರ್ಷ ನಾನು ತಿಂದದ್ದು ಬರೀ ಮೆಣಸಿನಪುಡಿಯೇನೋ ಅನ್ನಿಸಿತು. ಹೊಟ್ಟೆ ಉರಿಯಲಿಲ್ಲ. ನಾಲ್ಕು ಜನರ ಮಧ್ಯೆ, ಬಯಲಿನಲ್ಲಿ, ಬೈಗುಳ ಕೇಳುತ್ತ ಉಂಡಿದ್ದೆ. ಮುಂದಿನ ಸಂತೆಗೂ ಹೋದೆ.

ನಿಧಾನವಾಗಿ ಉಳಿದವರೂ ಬಂದರು. ಹಲ್ಲು ಕೀಳಿಸಿಕೊಂಡ ಪಾತಣ್ಣ ಮುಖ ಆ ಕಡೆ ತಿರುಗಿಸಿಕೊಂಡು ಕುಡಿದ. ನಸುಕಿಗೇ ಲಾರಿಯ ಹಿಂದೆ ಕುರಿಗಳ ಜೊತೆ ನಿಂತು ಬಂದವರಿಗೆ ಬಿಸಿ ಸಾರು ಬೇಕಿತ್ತು, ಅವರು ಬಣ್ಣ ನೋಡಲಿಲ್ಲ. ಮರ್ಯಾದೆ ಉಳಿಸಿಕೊಳ್ಳಬೇಕೆನ್ನುವವರಿಗೆ ಬೋರಕ್ಕ ತಟ್ಟೆಯ ಪಕ್ಕ ಹಸಿಮೆಣಸಿನಕಾಯಿ, ಕಲ್ಲುಪ್ಪು ಇಡತೊಡಗಿದಳು. ಕಚ್ಚಿಕೊಂಡು ಕುಡಿದರೆ ಗಂಡಸುತನಕ್ಕೆ ಧಕ್ಕೆಯಿಲ್ಲ. ಸಾರಿನ ಹೆಸರು ಕೇಳಿದರೆ ಆಕೆ ಏನೋ ಹೇಳುತ್ತಿದ್ದಳು, ನಮ್ಮ ನಾಲಿಗೆಗೆ ಹತ್ತಲಿಲ್ಲ. ಕುವೈತಿನಿಂದ ಕಲಿತು ಬಂದದ್ದು ಅಂತ ಗೊತ್ತಿತ್ತು, ಕುವೈತ್ ಸಾರು ಅಂದೆವು.

ಆಕೆಯ ತವರು ಬಿ.ಜಿ. ಕೆರೆಯಿಂದ ಮೊಳಕಾಲ್ಮೂರಿನ ದಾರಿಯಲ್ಲಿ ಒಳಗೆ ಸರಿದ ಒಂದು ಹಟ್ಟಿ. ದನ ಕುರಿ ಕಾಯುವ ಮ್ಯಾಸನಾಯಕರ ಮನೆ. ಅವರು ಕೋಳಿ ತಿನ್ನುವುದಿಲ್ಲ, ಸಾಕುವುದೂ ಇಲ್ಲ. ಮಾಂಸವೆಂದರೆ ಕುರಿ, ಮೇಕೆ. ದನವೆಂದರೆ ದೇವರು. ಇದು ಬಾಯಿಮಾತಿನ ದೇವರಲ್ಲ. ಆಕೆಯ ಅಣ್ಣ ದೊಡ್ಡಪಾಲಯ್ಯ ಹಟ್ಟಿಯ ದೇವರ ಎತ್ತುಗಳನ್ನು ಕಾಯುವವನು, ಕಿಲಾರಿ. ಆ ಎತ್ತುಗಳನ್ನು ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಮಾರದ, ದುಡಿಸದ ದನದ ಹಿಂದೆ ಒಬ್ಬ ಮನುಷ್ಯ ಜೀವಮಾನವಿಡೀ ಬಿಸಿಲಲ್ಲಿ ನಡೆಯುವುದು ನನ್ನಂಥ ವ್ಯಾಪಾರಿಯ ತಲೆಗೆ ಹೋಗುವ ಸಂಗತಿಯಲ್ಲ. ಆದರೂ ಆತ ಮನೆಯ ಹಸುವಿಗೆ ಶೇಂಗಾ ಹಿಂಡಿ ಒಯ್ಯಲು ನನ್ನ ಅಂಗಡಿಗೇ ಬರುತ್ತಿದ್ದ. ಒಮ್ಮೆಯೂ ಚೌಕಾಸಿ ಮಾಡಿದವನಲ್ಲ, ಹಾಗಾಗಿ ಮೋಸ ಮಾಡಲು ನನಗೂ ಮನಸ್ಸು ಬರುತ್ತಿರಲಿಲ್ಲ. ಚಳ್ಳಕೆರೆಯಲ್ಲಿ ಎಲ್ಲಿಯೂ ಒಂದು ಲೋಟ ಚಹಾ ಕೂಡ ಮುಟ್ಟದ ಮನುಷ್ಯ ತಂಗಿಯ ಶೆಡ್ಡಿನಲ್ಲಿ ಮಾತ್ರ ಕೂತು ಉಣ್ಣುತ್ತಿದ್ದ. ಖಾರವಿಲ್ಲ ಅಂತ ಗೊಣಗುತ್ತಲೇ ಎರಡು ಸಲ ಹಾಕಿಸಿಕೊಳ್ಳುತ್ತಿದ್ದ.

ಗಂಡ ತೀರಿಕೊಂಡ ಮೇಲೆ ಬೋರಕ್ಕ, ಗಡಿಯಾಚೆಯ ನೆಂಟರ ಹೆಂಗಸರ ಜೊತೆ ಸೇರಿ ಕುವೈತಿಗೆ ಮನೆಗೆಲಸಕ್ಕೆ ಹೋದವಳು. ಅಣ್ಣನಿಗೆ ಅದು ಇಷ್ಟವಿರಲಿಲ್ಲ. ವಾಪಸು ಬಂದಾಗ ಹಟ್ಟಿಯವರು ಒಂದಿಷ್ಟು ದಿನ ದೂರದಿಂದಲೇ ಮಾತಾಡಿಸಿದರು. ದೊಡ್ಡಪಾಲಯ್ಯ ಆಕೆಯ ಕೈಯಿಂದ ನೀರು ಇಸಿದುಕೊಂಡು ಕುಡಿದ ಮೇಲೆಯೇ ಉಳಿದವರ ಮನೆಬಾಗಿಲು ತೆರೆದದ್ದು. ಹೀಗಾಗಿ ಅಣ್ಣ ಆ ಬೆಂಚಿನ ಮೇಲೆ ಕೂರುವುದೆಂದರೆ ಆಕೆಗೆ ತವರು ಇದೆ ಅಂತ ಅರ್ಥ.

ಮಾರುತೇಶ ಅಂತ ಒಬ್ಬ ಲಾರಿ ಏಜೆಂಟಿದ್ದಾನೆ. ಕೆಟ್ಟವನಲ್ಲ. ಬಾಯಿ ಮತ್ತು ಫೋನು ಎರಡೂ ಸುಮ್ಮನಿರುವುದಿಲ್ಲ. ಒಂದು ಸಂತೆಯ ದಿನ ದೊಡ್ಡಪಾಲಯ್ಯ ಬಂದಿರಲಿಲ್ಲ, ಬೆಂಚು ಮಾತ್ರ ತುಂಬಿತ್ತು. ಮಾರುತೇಶ ಫೋನು ಎತ್ತಿ ಹಿಡಿದ.

"ಅಕ್ಕೋ, ನಿನ್ ಸಾರು ಫೋನಾಗೆ ಬಂದೈತೆ ನೋಡು. ಅದೇ ಕೋಸು, ಅದೇ ಜೋಳದ ತೆನೆ, ಬಾಳೆಕಾಯಿ ಸೈತ ಐತೆ. ಯಾವ್ದೋ ದ್ವೀಪದೋರಂತೆ. ನೀನೀಗ ಇಂಟರ್ನ್ಯಾಷನಲ್ ಕಣಕ್ಕ."

ಎಲ್ಲರೂ ಕತ್ತು ಚಾಚಿ ನೋಡಿದರು. ಪಾತಣ್ಣ ಬಾಯಲ್ಲಿ ಮೂಳೆ ಇಟ್ಟುಕೊಂಡೇ ಕೇಳಿದ: "ಅದು ಕುರಿ ಕಾಲು ಅಲ್ಲ ಕಣೋ. ಇಷ್ಟು ದಪ್ಪ ಐತೆ. ಯಾವ್ದರದ್ದು ಅದು?"

ಮಾರುತೇಶ ಕೆಳಗೆ ಬರೆದಿದ್ದನ್ನು ಓದಿದ. ಓದಿದವನು ಫೋನನ್ನು ಮೆಲ್ಲಗೆ ಜೇಬಿಗಿಟ್ಟ. "ಏನೋ ಇಂಗ್ಲೀಷು, ಬಿಡ್ರಪ್ಪ," ಅಂದ. ಅಷ್ಟರಲ್ಲಿ ಪಕ್ಕದವನೂ ಓದಿಯಾಗಿತ್ತು.

"ದನದ್ದು ಅಂತ ಐತೆ."

ಪಾತಣ್ಣ ಮೂಳೆಯನ್ನು ಬಾಯಿಂದ ತೆಗೆದು ತಟ್ಟೆಯ ಅಂಚಿನಲ್ಲಿಟ್ಟ. ಅದು ಆ ದಿನ ಬೆಳಿಗ್ಗೆ ಆತನೇ ದರ ಕುದುರಿಸಿ ಕೊಡಿಸಿದ ಕುರಿಯದ್ದು, ಆತನಿಗೂ ಗೊತ್ತು.

ಬೋರಕ್ಕ ಸೌಟು ಹಿಡಿದು ನಿಂತಿದ್ದಳು. ನಾನು ಆಕೆಗೆ ಮಾತ್ರ ಕಾಣುವ ಹಾಗೆ ತಲೆ ಅಲ್ಲಾಡಿಸಿದೆ. ಇಲ್ಲ ಅಂದುಬಿಡು, ಆ ಸಾರು ಬೇರೆ, ಈ ಸಾರು ಬೇರೆ ಅನ್ನು, ಮುಗಿಯಿತು. ಯಾವ ವ್ಯಾಪಾರಿಯೂ ಮಾಡುವ ಕೆಲಸ ಅದು.

"ಹೌದು," ಅಂದಳು ಬೋರಕ್ಕ. "ಅಲ್ಲಿ ಅದ್ನ ದನದ್ರಾಗೇ ಮಾಡ್ತಾರೆ."

ಆಮೇಲೆ ಅವಸರವಿಲ್ಲದೆ ಹೇಳಿದಳು. ಕುವೈತಿನ ಆ ಮನೆಯಲ್ಲಿ ಅಡುಗೆಗೆ ಇಬ್ಬರು. ಈಕೆ, ಮತ್ತು ಫಿಲಿಪ್ಪೀನ್ಸಿನ ರೊವೇನಾ ಅನ್ನುವ ಹೆಂಗಸು. ಈಕೆ ರೋವಕ್ಕ ಅನ್ನುತ್ತಿದ್ದಳು. ಇಬ್ಬರಿಗೂ ಮೊದಲು ಬರುತ್ತಿದ್ದುದು ಉಪ್ಪು, ನೀರು, ಬೇಗ, ನಾಳೆ ಅನ್ನುವಷ್ಟು ಅರಬ್ಬಿ. ರಜೆಯ ದಿನ ರೋವಕ್ಕ ತನ್ನ ಊರಿನ ಈ ಸಾರು ಕುದಿಸಿ, "ತಿನ್ನು ಬಾ" ಅಂದಿದ್ದಳು. ಈಕೆ ಬಾಗಿಲಿನಿಂದ ಆಚೆಯೇ ನಿಂತಳು. ಯಾಕೆ ಅಂತ ರೋವಕ್ಕನಿಗೆ ತಿಳಿಯಲಿಲ್ಲ. ಕೊನೆಗೆ ಈಕೆ ಹಣೆಯ ಪಕ್ಕ ಎರಡು ಬೆರಳು ಕೊಂಬಿನ ಹಾಗೆ ಇಟ್ಟು ತೋರಿಸಿ, ಆಮೇಲೆ ಕೈಮುಗಿದಳು. ರೋವಕ್ಕ ತಲೆಯಾಡಿಸಿದಳು. ಮುಂದಿನ ರಜೆಗೆ ಪೇಟೆಯಿಂದ ಒಂದು ಹೊಸ ಡಬರಿ, ಕುರಿಯ ಕಾಲು ತಂದು, ಅದೇ ಸಾರನ್ನು ಈಕೆಗೆ ಬೇರೆ ಮಾಡಿದಳು. ಡಬರಿಗಳು ಅದಲುಬದಲಾಗದಿರಲಿ ಅಂತ ಹಿಡಿಗೆ ಕೆಂಪು ದಾರ ಕಟ್ಟಿದಳು. ಒಂದಿಷ್ಟು ದಿನ ಎರಡು ಡಬರಿ ಕುದಿದವು. ಆಮೇಲೆ ಎರಡೆರಡು ತೊಳೆಯುವುದು ಯಾರು ಅಂತ ರೋವಕ್ಕನೂ ಕುರಿಯದ್ದನ್ನೇ ತಿನ್ನತೊಡಗಿದಳು.

"ನಾ ಬರೋವಾಗ ಈ ಡಬರಿ ನಂಗೇ ಕೊಟ್ಲು. ಇದ್ರಾಗೆ ಕುರೀದು ಬಿಟ್ಟು ಬ್ಯಾರೆ ಬೆಂದಿಲ್ಲ. ನಾನೂ ತಿಂದಿಲ್ಲ. ಇನ್ನೇನ್ ಕೇಳ್ಬೇಕು, ಕೇಳ್ರಿ."

ಅಲ್ಲಿಯವರೆಗೆ ಆ ಡಬರಿ ಕುವೈತಿನದು ಅಂತ ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಈಗ ಎಲ್ಲರೂ ಅದನ್ನೇ ನೋಡಿದರು. ಒಬ್ಬೊಬ್ಬರಾಗಿ ಎದ್ದು, ಕೈ ತೊಳೆದು, ಬಾಯಿ ಮುಕ್ಕಳಿಸಿ ಹೋದರು. ಕೆಲವರು ಅಗತ್ಯಕ್ಕಿಂತ ಜಾಸ್ತಿ ಮುಕ್ಕಳಿಸಿದರು. ಮಾರುತೇಶ ಹಿಂದೆ ಉಳಿದು, "ಅಕ್ಕಾ, ನಾ ತಮಾಷೆಗೆ..." ಅಂದ.

"ಗೊತ್ತು ಹೋಗಪ್ಪ. ಬಿಸಿಲಾತು," ಅಂದಳು.

ಮುಂದಿನ ಸಂತೆಗೆ ಬೆಂಚಿನ ಮೇಲೆ ನಾನೊಬ್ಬನೇ. ನಮ್ಮ ಪಂಗಡ ಬೇರೆ, ಕೋಳಿಯೂ ನಡೆಯುತ್ತದೆ, ಅದೂ ಅಲ್ಲದೆ ನನಗೆ ಬೇರೆ ಗತಿಯಿರಲಿಲ್ಲ. ಶೂರತನ ಅಂತ ಯಾರೂ ತಿಳಿಯಬೇಕಾಗಿಲ್ಲ. ಆಕೆ ಎಂದಿನಷ್ಟೇ ಸಾರು ಮಾಡಿದ್ದಳು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ದೊಡ್ಡಪಾಲಯ್ಯ ಬರಲಿಲ್ಲ. ಹಿಂಡಿಗೆ ಬೇರೆ ಯಾರನ್ನೋ ಕಳಿಸಿದ್ದ. ಬಂದವನನ್ನು ವಿಚಾರಿಸಿದರೆ, ಹಟ್ಟಿಗೆ ಸುದ್ದಿ ಮುಟ್ಟಿದೆ, ಬೋರಕ್ಕನನ್ನು ಹಬ್ಬಕ್ಕೆ ಕರೆಯಬೇಕೋ ಬೇಡವೋ ಅಂತ ಕಟ್ಟೆಯ ಮೇಲೆ ಮಾತು ನಡೆದಿದೆ, ದೊಡ್ಡಪಾಲಣ್ಣ ಬಾಯಿ ಬಿಟ್ಟಿಲ್ಲ ಅಂದ.

ನಾನು ಶೆಡ್ಡಿಗೆ ಬಂದು ಬೋರಕ್ಕನಿಗೆ ನನ್ನ ಬುದ್ಧಿ ಇರುವಷ್ಟನ್ನೂ ಹೇಳಿದೆ.

"ನೋಡವ್ವ, ಜನ ನಿನ್ ಮ್ಯಾಲೆ ಸಿಟ್ಟಾಗಿಲ್ಲ, ಡಬರಿ ಮ್ಯಾಲೆ ಆಗ್ಯಾರೆ. ಇದನ್ನ ಗುಜರಿಗೆ ಹಾಕು. ಎಲ್ರೂ ನೋಡೋಂಗೆ ಪಾತ್ರೆ ಅಂಗಡಿಯಿಂದ ಹೊಸದೊಂದು ತಂದು ಒಲೆ ಮ್ಯಾಲಿಡು. ಎರಡು ಸಂತೆ ಕಳದ್ರೆ ಎಲ್ಲಾ ಮರೀತಾರೆ. ನಿಮ್ಮಣ್ಣನೂ ಬರ್ತಾನೆ."

ಆಕೆ ಎಲೆಕೋಸು ಸೀಳುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಹೊಸದು ತಂದ್ರೆ ಹಳೇದು ಕೆಟ್ಟಿತ್ತು ಅಂತ ನಾನೇ ಸಾರಿದಂಗಾತು. ಆಗ ಇಷ್ಟು ದಿನ ನಮ್ಮಣ್ಣ ಉಂಡಿದ್ದು ಏನಾತು? ದೇವ್ರ ಎತ್ತು ಕಾಯೋ ಮನುಷ್ಯನ ಬಾಯಿ ನಾನೇ ಕೆಡಿಸಿದಂಗಾತು."

ನಾನು ಈ ಕಡೆಯಿಂದ ಯೋಚಿಸಿರಲಿಲ್ಲ.

"ಮತ್ತೆ ಆ ರೋವಕ್ಕ," ಅಂದಳು. "ನಂಗೋಸ್ಕರ ಅಂತ ಆಕಿ ಕೊಂಡ್ಕೊಂಡು ಬಂದಿದ್ದು ಇದು. ನನ್ ಮಾತೂ ಬರ್ತಿರ್ಲಿಲ್ಲ ಆಕಿಗೆ. ಗುಜರಿಗೆ ಹಾಕು ಅಂತೀರಲ್ಲ ಸಾವ್ಕಾರ್ರೆ, ಕೇಜಿ ಲೆಕ್ಕದಾಗ?"

"ಸ್ಟೀಲಿಗೆ ದರ ಚೆನ್ನಾಗೈತೆ," ಅಂದೆ. ಆಕೆ ನಗಲಿಲ್ಲ.

"ನಮ್ಮಣ್ಣ ಬಂದು ಉಣ್ಲಿಲ್ಲ ಅಂದ್ರೆ ಶೆಡ್ ಮುಚ್ತೀನಿ. ಊರಿಗೂ ಹೋಗಲ್ಲ. ಡಬರಿ ಮಾತ್ರ ಬಿಡಲ್ಲ."

ನನ್ನ ಪಾಲಿಗೆ ಅದು ಕೆಟ್ಟ ವ್ಯಾಪಾರ. ಒಂದು ಪಾತ್ರೆಗಾಗಿ ತವರನ್ನೂ ಹೊಟ್ಟೆಪಾಡನ್ನೂ ಪಣಕ್ಕಿಡುವವರ ಜೊತೆ ನಾನು ಚೌಕಾಸಿ ಮಾಡಿ ಗೆದ್ದದ್ದಿಲ್ಲ. ಎದ್ದು ಬಂದೆ.

ಅದಾದ ಮೇಲಿನ ಸಂತೆಗೆ, ಮೊಳಕಾಲ್ಮೂರು ಬಸ್ಸು ಬಂದ ಸ್ವಲ್ಪ ಹೊತ್ತಿಗೆ, ದೊಡ್ಡಪಾಲಯ್ಯ ಹೆಗಲ ಮೇಲೆ ಕಂಬಳಿ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಹಾಲಿನ ಕ್ಯಾನು ಹಿಡಿದು ನೇರ ಶೆಡ್ಡಿನ ಕಡೆ ನಡೆದು ಬಂದ. ಆತ ಬರುವುದನ್ನು ಕಂಡು ಪಾತಣ್ಣ ಟಗರಿನ ಹಗ್ಗ ಇನ್ನೊಬ್ಬನ ಕೈಗೆ ಕೊಟ್ಟು ಹಿಂದೆ ಬಂದ. ಅವನ ಹಿಂದೆ ಮತ್ತಷ್ಟು ಜನ. ಹಟ್ಟಿಯ ಕಡೆಯವರೂ ಇದ್ದರು. ಯಾರೂ ಒಳಗೆ ಬರಲಿಲ್ಲ, ತಗಡಿನ ನೆರಳಿನ ಅಂಚಿಗೆ ನಿಂತರು.

"ಡಬರಿ ಖಾಲಿ ಮಾಡವ್ವ," ಅಂದ ದೊಡ್ಡಪಾಲಯ್ಯ.

ಬೋರಕ್ಕ ಸಾರನ್ನು ಬಕೆಟ್ಟಿಗೆ ಬಗ್ಗಿಸಿದಳು.

"ತೊಳಿ."

ಹಿಂದಕ್ಕೆ ಹೋಗಿ ಬೂದಿ, ಹುಣಿಸೆಹಣ್ಣು ಹಾಕಿ ತಿಕ್ಕಿದಳು. ಕುರಿಯ ಜಿಡ್ಡು ಹೋಗಬೇಕಲ್ಲ. ಎಷ್ಟು ತಿಕ್ಕಿದಳೆಂದರೆ ನಿಂತವರಿಗೆ ಕಾಲು ನೋಯಿತು. ತಂದು ಒಲೆಯ ಮೇಲಿಟ್ಟಳು.

"ಮನೆ ಹಸುವಿನ ಹಾಲು," ಅಂತ ಕ್ಯಾನು ಮುಂದೆ ಮಾಡಿದ ಅಣ್ಣ. "ಇದ್ನ ಅದ್ರಾಗೆ ಕಾಸು. ಕುಡೀತೀನಿ."

ಅಂಚಿಗೆ ನಿಂತವರಲ್ಲಿ ಗುಸುಗುಸು ಎದ್ದಿತು. ನಮ್ಮ ಕಡೆ ನಂಬಿಕೆ ಇದೆ: ಮೈಲಿಗೆಯಾದ ಪಾತ್ರೆಯಲ್ಲಿ ಹಾಲು ಒಡೆಯುತ್ತದೆ. ಅಂದರೆ ಎಲ್ಲರ ಕಣ್ಣೆದುರಿಗೆ ತೀರ್ಪು. ಬೋರಕ್ಕನಿಗೂ ಅದು ಗೊತ್ತಾಯಿತು. ನನಗೆ ಗೊತ್ತಾದದ್ದು ಬೇರೆ. ಅಷ್ಟು ಹುಣಿಸೆಹಣ್ಣು ಹಾಕಿ ತಿಕ್ಕಿದ ಡಬರಿ. ಅಂಚಿನ ಮಡಿಕೆಯಲ್ಲಿ ಒಂದಿಷ್ಟು ಹುಳಿ ಉಳಿದಿದ್ದರೂ ಸಾಕು, ಹಾಲು ಒಡೆದೇ ಒಡೆಯುತ್ತದೆ, ಅದರೊಳಗೆ ಬೆಂದದ್ದು ಏನೇ ಇರಲಿ. ಹೇಳೋಣವೆಂದರೆ, ತೀರ್ಪಿಗೆ ಮೊದಲೇ ನೆಪ ಹುಡುಕಿದ ಹಾಗಾಗುತ್ತದೆ. ಬಾಯಿ ತೆರೆದವನು ಮುಚ್ಚಿಕೊಂಡೆ.

ಬೋರಕ್ಕ ಕ್ಯಾನಿನ ಮುಚ್ಚಳಕ್ಕೆ ಕೈ ಹಾಕಿದಳು.

"ತಡಿ," ಅಂದ ದೊಡ್ಡಪಾಲಯ್ಯ. ಡಬರಿಯ ಅಂಚಿಗೆ ಬೆರಳು ಒರೆಸಿ ನಾಲಿಗೆಗೆ ಮುಟ್ಟಿಸಿಕೊಂಡ. "ಏನ್ ಮರದಾಗಿನ ಹುಣ್ಸೆಹಣ್ಣೆಲ್ಲಾ ಇದ್ಕೇ ತಿಕ್ಕಿದೀಯಾ? ಬಿಸಿನೀರು ಹಾಕಿ ತೊಳಿ. ಇನ್ನೊಂದಪ. ಅಂಚಿನಾಗೆ ಬೆರಳು ಆಡ್ಸು."

ಬೋರಕ್ಕ ಒಂದು ಕ್ಷಣ ಅಣ್ಣನ ಮುಖ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಹೊಗೆಗೆ ಅನ್ನುವ ಹಾಗೆ. ಬಿಸಿನೀರು ಹಾಕಿ, ಅಂಚಿನಲ್ಲಿ ಬೆರಳಾಡಿಸಿ, ಮೂರು ಸಲ ಕುಲುಕಿ ಚೆಲ್ಲಿದಳು.

ಹಾಲು ಬಿಸಿಯಾಯಿತು. ಕೆನೆ ಸುಕ್ಕುಗಟ್ಟಿತು. ಆಮೇಲೆ ಎಲ್ಲ ಹಾಲಿನ ಹಾಗೆಯೇ ಉಕ್ಕಿ ಬಂತು. ಬೋರಕ್ಕ ಉರಿಯುವ ಸೌದೆ ಹೊರಗೆಳೆದಳು. ದೊಡ್ಡಪಾಲಯ್ಯ ಲೋಟಕ್ಕೆ ಬಗ್ಗಿಸಿಕೊಂಡು, ಊದಿ, ನಿಂತೇ ಕುಡಿದ.

"ಒಡೀಲಿಲ್ಲ ಕಣ್ರಪ್ಪ," ಅಂದ ಪಾತಣ್ಣ, ದೇವಸ್ಥಾನದಲ್ಲಿ ಮಾತಾಡುವ ದನಿಯಲ್ಲಿ.

"ಹಾಲು ಯಾಕ್ ಒಡೀತೈತಲೇ, ಪಾತ್ರೆ ತೊಳದ್ರೆ?" ಅಂದ ದೊಡ್ಡಪಾಲಯ್ಯ. ಕಂಬಳಿ ಮಡಚಿ ಬೆಂಚಿನ ಮೇಲೆ ಹಾಕಿ ಕೂತ. "ತಂಗಿ, ಬಕೀಟಿನಾಗೆ ಆರ್ತಾ ಐತಲ್ಲ, ಅದ್ನ ಬಿಸಿ ಮಾಡು. ಎರಡು ಸಂತೆಯಿಂದ ಉಂಡಿಲ್ಲ. ಮೆಣಸಿನಕಾಯಿ ತಗಂಬಾ, ನಿನ್ ಸಪ್ಪೆ ಸಾರು ಗಂಟಲಾಗೆ ಇಳಿಯಲ್ಲ."

ಪಾತಣ್ಣ ಅವನ ಪಕ್ಕ ಕೂತ. ಮಾರುತೇಶ ಯಾವಾಗ ಬಂದು ನಿಂತಿದ್ದನೋ, ತಟ್ಟೆ ಹಂಚಲು ಶುರು ಮಾಡಿದ, ಯಾರೂ ಹೇಳದಿದ್ದರೂ. ಬೋರಕ್ಕ ಎಂದಿನ ಹಾಗೆ ಯಾರನ್ನೂ ಕರೆಯಲಿಲ್ಲ.

ಊಟವಾದ ಮೇಲೆ ಹಿಂಡಿ ತೂಗಿಸಲು ಅಂಗಡಿಗೆ ಬಂದ ದೊಡ್ಡಪಾಲಯ್ಯನನ್ನು ಕೇಳಿದೆ.

"ಪಾಲಣ್ಣ, ಹಾಲು ಒಡೆದಿದ್ರೆ ಏನ್ ಮಾಡ್ತಿದ್ರಿ?"

"ಒಡೆಯೋ ಹಾಲು ತರ್ತಿದ್ನೇನ್ರಿ ಸಾವ್ಕಾರ್ರೆ? ನಸುಕಿನಾಗೆ ಕರೆದು, ಕಾಸಿ, ಆರಿಸಿ, ಆಮ್ಯಾಲೆ ಬಸ್ಸತ್ತಿದ್ದು." ಕೋಲಿನ ತುದಿಯಿಂದ ನೆಲ ಕೆದಕುತ್ತ ಹೇಳಿದ. "ನಮ್ ತಂಗಿ ಮಾತಿಗೆ ನಂಗೆ ಹಾಲಿನ ಸಾಕ್ಷಿ ಯಾಕೆ? ಹಟ್ಟಿಯೋರಿಗೆ ಬೇಕಿತ್ತು. ಬಾಯಾಗೆ ಹೇಳಿದ್ರೆ ತಂಗಿ ಪರ ಅಂತಿದ್ರು. ಎತ್ತು ಕಾಯೋರು ನಾವು. ನೀರಿಲ್ದ ಕಡೀಕೆ ದನ ಹೊಡೆಯಲ್ಲ."

"ಮತ್ತೆ ಹೋದ ಸಂತೆಗೆ ಯಾಕ್ ಬರ್ಲಿಲ್ಲ?"

"ಹೋದ ಸಂತೆಗೆ ನಂಗೂ ಸಿಟ್ಟಿತ್ತು," ಅಂದ. "ಕಾಗದ ಬರೀತಿದ್ಲು, ಫೋನ್ ಮಾಡ್ತಿದ್ಲು. ಅಂಥಾ ಒಬ್ಳು ಜತೆಗಾತಿ ಇದ್ಲು ಅಲ್ಲಿ ಅಂತ ಒಂದಪ ಆದ್ರೂ ಹೇಳ್ಲಿಲ್ಲ ನೋಡ್ರಿ."

ಹಿಂಡಿ ಮೂಟೆ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಡೆದ. ಆ ವರ್ಷ ಹಬ್ಬಕ್ಕೆ ಬೋರಕ್ಕ ಹಟ್ಟಿಗೆ ಹೋಗಿ ಬಂದಳು. ಆಕೆಯ ಶೆಡ್ಡು ಈಗಲೂ ಅಲ್ಲೇ ಇದೆ, ಡಬರಿಯೂ ಅದೇ. ಮಾರುವ ಕಲೆ ಇನ್ನೂ ಬಂದಿಲ್ಲ. ಬರುವ ಲಕ್ಷಣವೂ ಇಲ್ಲ.

ನನ್ನ ಮಾತು ಕೇಳಿ ಆಕೆ ಆ ಡಬರಿಯನ್ನು ಮಾರಿದ್ದರೆ, ಅಣ್ಣ ಬಂದು ಕೂರುತ್ತಿರಲಿಲ್ಲ, ಆಕೆಯೂ ಅಲ್ಲಿರುತ್ತಿರಲಿಲ್ಲ, ನಾನು ಇಂದಿಗೂ ಒಳಕೋಣೆಯಲ್ಲಿ ಗಂಜಿ ಕುಡಿಯುತ್ತಿದ್ದೆ. ನಾಲ್ಕು ಜನರ ನಡುವೆ ಕೂತು ಉಣ್ಣುವ ನನ್ನ ಜಾಗ ಬೋರಕ್ಕ ಕೊಟ್ಟದ್ದು. ಅದಕ್ಕೆ ನಾನು ಆಕೆಗೆ ಋಣಿ.